ಹೊಳೆಯುವ ಪಟ್ಟಿ

ಜಾಕೆಟ್ ಬಂದ ದಿನ ನಮ್ಮ ಗುಡಿಸಲು ಬಸ್ತಿಯ ಹೆಂಗಸರು ನಕ್ಕರು. ಅದಕ್ಕೇ ಆ ದಿನ ಚೆನ್ನಾಗಿ ನೆನಪಿದೆ.

ಮಾಪಣ್ಣ ಟೆಂಪೋ ತಂದು ನಾವು ಕಲ್ಲು ಒಡೆಯುವ ಖದಾನಿನ ಬಾಯಿಗೆ ನಿಲ್ಲಿಸಿದ. ಗೋಣಿಚೀಲ ಬಿಚ್ಚಿ ನೆಲಕ್ಕೆ ಸುರಿದ. ಕಿತ್ತಳೆ ಬಣ್ಣದ ಜಾಕೆಟ್‌ಗಳು. ಎದೆಗೂ ಬೆನ್ನಿಗೂ ಬೆಳ್ಳಿಯಂಥ ಪಟ್ಟಿ. ಬಿಸಿಲು ತಾಗಿದರೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಯಾರೋ ತೊಟ್ಟು ಬಿಟ್ಟ ಬೆವರಿನ ವಾಸನೆ ಇತ್ತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

"ಹೆಂಗಸ್ರು, ಗಂಡಸ್ರು, ಮುದುಕ್ರು, ಹುಡುಗ್ರು, ಎಲ್ಲಾರೂ ಹಾಕ್ಕೋರಿ," ಅಂದ ಮಾಪಣ್ಣ. "ಇವತ್ತು ರಸ್ತಾ ನೋಡ್ಲಾಕ ಸಾಹೇಬ್ರು ಬರ್ಲಕತ್ತಾರ. ಜಾಕೆಟ್ ಇಲ್ದವ್ರು ಒಬ್ರೂ ರಸ್ತಾದ ಮ್ಯಾಲ ಕಾಣಬಾರ್ದು."

ಮಾಪಣ್ಣ ನಮ್ಮ ಮುಕಾದಮ್. ನಮ್ಮೆಲ್ಲರನ್ನೂ ಸುರಪುರದ ಕಡೆಯಿಂದ ಇಲ್ಲಿಗೆ ಕರೆತಂದವನು ಅವನೇ. ಕೆಲಸ ಕೊಡುವವನೂ ಅವನೇ, ಬೈಯುವವನೂ ಅವನೇ, ಜ್ವರ ಬಂದರೆ ಗುಳಿಗೆ ತರುವವನೂ ಅವನೇ.

ಮುದುಕಿ ಚಂದ್ರಬಾಯಿ ಜಾಕೆಟ್ ತೊಟ್ಟು ಸೆರಗನ್ನು ಅದರ ಮೇಲೆ ಹೊದ್ದಳು. ಪಟ್ಟಿ ಮುಚ್ಚಿಹೋಯಿತು.

"ಸೆರಗ ಒಳಗ ಹಾಕು, ಮುದುಕಿ. ಪಟ್ಟಿ ಕಾಣಬೇಕು."

"ನನ್ನ ಮದಿವ್ಯಾಗೂ ಇಷ್ಟು ಹೊಳಿಯೋದು ಯಾರೂ ಕೊಟ್ಟಿದ್ದಿಲ್ಲೋ ಮಾಪ್ಯಾ," ಅಂದಳು ಚಂದ್ರಬಾಯಿ. ಎಲ್ಲರೂ ನಕ್ಕರು.

ಈ ಜಾಕೆಟ್ಟನ್ನು ನಾವು ಬಹಳ ದಿನದಿಂದ ಕೇಳುತ್ತಿದ್ದೆವು. ಅಕ್ಕನಿಗೆ ಲಾರಿ ಹೊಡೆದ ದಿನದಿಂದ.

ಮರಾಠಿ ಸೀಮೆಯ ಕಲ್ಯಾಣದಿಂದ ಮುರಬಾಡಿಗೆ ಹೋಗುವ ಹೆದ್ದಾರಿ ನಮ್ಮದು. ಒಂದು ಬದಿಗೆ ಕಲ್ಲಿನ ಖದಾನು, ಅದರ ಬುಡಕ್ಕೆ ನಮ್ಮ ಬಸ್ತಿ. ಇನ್ನೊಂದು ಬದಿಗೆ ನೀರಿನ ಬೋರಿಂಗ್, ರೇಷನ್ ಅಂಗಡಿ, ಶಾಲೆ, ಟಮಟಮ್ ನಿಲ್ಲುವ ಜಾಗ, ಭುಜಂಗಣ್ಣನ ಹೋಟೆಲು. ಬೇಕಾದದ್ದೆಲ್ಲ ಆ ಬದಿಗೆ. ಕಲ್ಲು ಮಾತ್ರ ನಮ್ಮ ಬದಿಗೆ.

ಮೊದಲು ರಸ್ತೆ ಸಣ್ಣದಿತ್ತು. ಲಾರಿಗಳು ಹೊಂಡ ತಪ್ಪಿಸಿಕೊಂಡು ನಿಧಾನ ಬರುತ್ತಿದ್ದವು. ಅದನ್ನು ಅಗಲ ಮಾಡಿದ್ದು ನಾವು. ಕಲ್ಲನ್ನು ಖಡಿಯಾಗಿ ಒಡೆದದ್ದು ನಾವು. ಬುಟ್ಟಿಯಲ್ಲಿ ಹೊತ್ತು ಸುರಿದದ್ದು ನಾವು. ಕುದಿಯುವ ಡಾಂಬರಿನ ಪಕ್ಕ ಕಾಲಿಗೆ ಗೋಣಿ ಸುತ್ತಿಕೊಂಡು ನಿಂತದ್ದು ನಾವು. ರಸ್ತೆ ನುಣ್ಣಗಾಯಿತು. ಲಾರಿಗಳು ಹಾರತೊಡಗಿದವು. ಅಂಚಿನಲ್ಲಿ ಮೊದಲಿದ್ದ ಕಾಲುದಾರಿಯನ್ನು ಡಾಂಬರು ನುಂಗಿತು. ಅದರಾಚೆ ಚರಂಡಿ. ನಡೆಯಬೇಕಾದರೆ ಲಾರಿಯ ಚಕ್ರದ ಪಕ್ಕದಲ್ಲೇ ನಡೆಯಬೇಕು.

ರಸ್ತೆ ಕೆಲಸ ಶುರುವಾದ ಮೂರನೆಯ ಮಳೆಗಾಲದಲ್ಲಿ ಅಕ್ಕ ನೀರು ತರುತ್ತಿದ್ದಳು. ಸಂಜೆ. ತಲೆಯ ಮೇಲೆ ಕೊಡ, ಸೊಂಟದ ಮೇಲೆ ಕೊಡ. ಹಿಂದಿನಿಂದ ಮರಳು ತುಂಬಿದ ರೇತಿ ಲಾರಿ ಬಂತು. ನಾನು ಈ ಬದಿಗೆ ನಿಂತು ನೋಡುತ್ತಿದ್ದೆ. ಮೊದಲು ಕೊಡ ಹಾರಿತು. ಆಮೇಲೆ ಅಕ್ಕ.

ಭುಜಂಗಣ್ಣ ತನ್ನ ಹೋಟೆಲಿನ ವ್ಯಾನು ಕೊಟ್ಟ. ಕೊಡುವ ಮೊದಲು ಸೀಟಿನ ಮೇಲೆ ಅಕ್ಕಿಚೀಲ ಹಾಸಿದ. ರಕ್ತ ಹತ್ತಬಾರದು ಅಂತ. ಹಾಸಿದ್ದೂ ಹೌದು, ಕೊಟ್ಟದ್ದೂ ಹೌದು. ಎರಡನ್ನೂ ನಾನು ಮರೆತಿಲ್ಲ.

ಅಕ್ಕ ಬದುಕಿದಳು. ಸೊಂಟದ ಎಲುಬು ಸರಿ ಕೂಡಲಿಲ್ಲ. ಒಂದು ಕಾಲು ಗಿಡ್ಡವಾಯಿತು. ಕೋಲು ಹಿಡಿದು ಗುಡಿಸಲಿನಿಂದ ಹೊರಗೆ ಬರುತ್ತಿದ್ದಳು, ಅಷ್ಟೆ. ಕುಳಿತಲ್ಲೇ ಸುತ್ತಿಗೆಯಿಂದ ಸಣ್ಣ ಖಡಿ ಒಡೆಯುತ್ತಿದ್ದಳು.

ಲಾರಿಯವನು ಸಿಕ್ಕ. "ದಿಖಾ ನಹೀ ಸಾಬ್," ಅಂದ, ಕಾಣಲೇ ಇಲ್ಲ ಅಂತ. ಪೊಲೀಸ್ ಹವಾಲ್ದಾರ ನಮ್ಮ ಕಡೆ ತಿರುಗಿ ಕೇಳಿದ, "ಚಮಕ್‌ವಾಲಾ ಜಾಕೆಟ್ ಯಾಕೆ ಹಾಕಲಿಲ್ಲ?" ಅಂತ. ಅಷ್ಟಕ್ಕೆ ಮುಗಿಯಿತು. ತಪ್ಪು ನಮ್ಮ ಮೈಮೇಲೆ ಬಂತು. ಅಂದಿನಿಂದ ನಾವು ಮಾಪಣ್ಣನ ಹಿಂದೆ ಬಿದ್ದೆವು. ಜಾಕೆಟ್ ಕೊಡಿಸು ಮಾವಾ, ಜಾಕೆಟ್ ಕೊಡಿಸು.

ಹಾಗಾಗಿ ಆ ಬೆಳಿಗ್ಗೆ ಅಕ್ಕನೂ ಒಂದು ಕೇಳಿ ಪಡೆದಳು. ತೊಟ್ಟುಕೊಂಡು ಗುಡಿಸಲಿನ ಒಳಗೇ ಕುಳಿತಳು.

"ಒಳಗ ಕುಂದ್ರಾಕಿಗಿ ಯಾಕಬೇ?" ಅಂದೆ.

"ಇರ್ಲಿ. ತಡಾ ಆದ್ರೂ ಬಂತಲ್ಲ."

ಬಿಳಿ ಕಾರು ಬಂತು. ಅದರ ನೆತ್ತಿಯ ಮೇಲೆ ಕಬ್ಬಿಣದ ಚೌಕಟ್ಟು. ಚೌಕಟ್ಟಿನಲ್ಲಿ ಕ್ಯಾಮೆರಾಗಳು. ಮಾಪಣ್ಣ ನಮಗೆ ಬುಟ್ಟಿ, ಸಲಿಕೆ, ಕಸಬರಿಗೆ ಕೊಟ್ಟು ಅಂಚಿಗೆ ನಿಲ್ಲಿಸಿದ್ದ. ಅಗೆಯಲು ಏನೂ ಇರಲಿಲ್ಲ. ರಸ್ತೆ ಮುಗಿದು ತಿಂಗಳುಗಳಾಗಿದ್ದವು. ಗುಡಿಸಿದ್ದನ್ನೇ ಗುಡಿಸಿದೆವು. ನಾನೂ ನೀರಿಗೆ ಹೋಗುವ ಉಳಿದವರೂ ಜಾಕೆಟ್ ತೊಟ್ಟೇ ಹೋದೆವು. ಶಾಲೆಗೆ ಹೋಗುವ ಮಕ್ಕಳಿಗೂ ಜಾಕೆಟ್. ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು. ಕಾರು ನಮ್ಮನ್ನು ದಾಟಿ ಮುರಬಾಡಿನ ಕಡೆ ಹೋಯಿತು. ಕೆಲವು ಮಕ್ಕಳು ಕೈ ಬೀಸಿದರು.

"ಸಾಯಂಕಾಲ ಹೊಳ್ಳಿ ಬರ್ತದ," ಅಂದ ಮಾಪಣ್ಣ. "ಆ ಬಾಜು ಹಿಡ್ಕೊಂಡು. ಯಾರೂ ಜಾಕೆಟ್ ತೆಗೀಬ್ಯಾಡ್ರಿ."

ಮಧ್ಯಾಹ್ನ ನಾನು ಭುಜಂಗಣ್ಣನ ಹೋಟೆಲಿಗೆ ಹೋದೆ. ಖದಾನಿನ ಕೆಲಸ ಇಲ್ಲದ ಹೊತ್ತಿನಲ್ಲಿ ಅಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಿಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದ ಬರುವ ಕೆಲಸ. ನನ್ನ ಚಹಾದ ಲೋಟ ಕಿಟಕಿಯ ಹೊರಗಿನ ಕಟ್ಟೆಯ ಮೇಲಿರುತ್ತಿತ್ತು. ಎಲ್ಲರ ಲೋಟ ನಾನೇ ತೊಳೆಯುತ್ತಿದ್ದೆ. ನನ್ನ ಲೋಟ ಅವುಗಳ ಜೊತೆ ಕೂಡುತ್ತಿರಲಿಲ್ಲ.

ನಾನು ಮಾತಾಡುವವಳಲ್ಲ. ಏಳನೆಯ ತರಗತಿಯವರೆಗೆ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಓದಿದೆ. ಅಜ್ಜಿ ಸತ್ತಳು, ಅಕ್ಕ ಇಲ್ಲಿಗೆ ಕರೆಸಿಕೊಂಡಳು. ಶಾಲೆಯಲ್ಲೂ ಹಿಂದಿನ ಸಾಲು. ಬಾಯಿ ಮುಚ್ಚಿಕೊಂಡು ನೋಡುವುದು ಅಲ್ಲೇ ಕಲಿತದ್ದು.

ಊಟಕ್ಕೆಂದು ನಡುವೆ ತಿರುಗಿ ಬಂದ ಬಿಳಿ ಕಾರು, ಕ್ಯಾಮೆರಾಗಳಿಗೆ ಬಟ್ಟೆ ಹೊದ್ದು, ಹೋಟೆಲಿನ ಮುಂದೆ ನಿಂತಿತ್ತು. ಅದರಲ್ಲಿ ಬಂದವರು ಊಟ ಮುಗಿಸಿದ್ದರು. ಒಬ್ಬಳು ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹಿತ್ತಲಿನ ನಲ್ಲಿಗೆ ಕೈ ತೊಳೆಯಲು ಬಂದಳು. ಕಂಕುಳಲ್ಲಿ ಲ್ಯಾಪ್‌ಟಾಪು. ಹಿಂದೆಯೇ ಭುಜಂಗಣ್ಣ ಬಂದ.

"ಮೇಡಂ ಮೈಸೂರಿನವರಂತೆ ಮಾರಾಯ್ತಿ, ಹರ್ಷಿತಾ ಅಂತ. ಬೇಲಾಪುರದಲ್ಲಿ ಆಫೀಸು. ರಸ್ತೆಗೆ ಸ್ಟಾರ್ ಕೊಡ್ಲಿಕ್ಕೆ ಬಂದದ್ದು," ಅಂದ ನನಗೆ. ಆಮೇಲೆ ಅವಳಿಗೆ, "ನಮ್ಮ ಹೋಟೆಲಿಗೆ ಎಷ್ಟು ಸ್ಟಾರ್ ಕೊಡ್ತೀರಿ ಮೇಡಂ?"

"ಗೋಳಿಬಜೆಗೆ ಐದು. ಬಾತ್‌ರೂಮಿಗೆ ಏನೂ ಇಲ್ಲ."

ಭುಜಂಗಣ್ಣ ನಗುತ್ತ ಗಲ್ಲಾಪೆಟ್ಟಿಗೆಯ ಕಡೆ ಹೋದ. ಅವಳು ನನ್ನನ್ನು ನೋಡಿದಳು. "ನೀವೂ ಕನ್ನಡದವರಾ?"

ಹೂಂ ಅಂದೆ.

"ಅಯ್ಯೋ, ಎಷ್ಟು ಖುಷಿ ಆಯ್ತು ಗೊತ್ತಾ. ಬೆಳಿಗ್ಗೆಯಿಂದ ಬರೀ ಹಿಂದಿ." ಅವಳು ನನ್ನ ಜಾಕೆಟ್ ನೋಡಿದಳು. "ಬೆಳಿಗ್ಗೆ ಅಲ್ಲಿದ್ರಲ್ವಾ? ತೋರಿಸ್ಲಾ?"

ಒಳ್ಳೆಯ ಹುಡುಗಿ. ಕಟ್ಟೆಯ ಮೇಲೆ, ನನ್ನ ಲೋಟದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ತೆರೆದಳು. ನಮ್ಮ ರಸ್ತೆ ಕಂಡಿತು. ನಮ್ಮ ಬಸ್ತಿಯ ನೀಲಿ ತಾಡಪತ್ರಿ ಕಂಡಿತು. ಚಂದ್ರಬಾಯಿ ಕಂಡಳು. ಕೊಡ ಹೊತ್ತ ನಾನು ಕಂಡೆ. ನನ್ನ ಬೆನ್ನು ಅಷ್ಟು ಬಾಗಿದೆ ಅಂತ ನನಗೆ ಗೊತ್ತಿರಲಿಲ್ಲ.

"ರಸ್ತೆ ಎಷ್ಟು ಸುರಕ್ಷಿತ ಅಂತ ಲೆಕ್ಕ ಹಾಕೋಕೆ ಇದನ್ನೆಲ್ಲ ಆಫೀಸಲ್ಲಿ ಕೂತು ಒಂದೊಂದಾಗಿ ನೋಡ್ತೀವಿ," ಅಂದಳು. "ಕಂಬ ಎಲ್ಲಿದೆ, ಮರ ಎಲ್ಲಿದೆ, ಚರಂಡಿ ಎಷ್ಟು ಆಳ. ಜನ ಎಲ್ಲಿ ನಡೀತಾರೆ, ಎಲ್ಲಿ ದಾಟ್ತಾರೆ. ಜನ ಜಾಸ್ತಿ ಇರೋ ಕಡೆ ಫುಟ್‌ಪಾತ್ ಇಲ್ಲ ಅಂದ್ರೆ ಸ್ಟಾರ್ ಕಮ್ಮಿ. ಆಗ ಫುಟ್‌ಪಾತ್ ಮಾಡಿ, ದಾಟೋಕೆ ಜಾಗ ಮಾಡಿ, ವೇಗ ತಗ್ಗಿಸಿ ಅಂತ ಬರೀತೀವಿ."

ನನ್ನ ಕೈಯಲ್ಲಿ ಬೂದಿ ಹತ್ತಿದ ತಪ್ಪಲೆ ಇತ್ತು. ಕೆಳಗಿಟ್ಟೆ.

"ಇಲ್ಲಿ ಬರೀತೀರೇನ್ರಿ?"

"ಎಲ್ಲಿ?"

"ನಮ್ಮ ಬಸ್ತಿ ಮುಂದ."

ಅವಳು ಚಿತ್ರಗಳನ್ನು ಸರಿಸಿ ನೋಡಿದಳು. "ಇಲ್ಲಿ ಜನ ಇಲ್ವಲ್ಲ."

ನಾನು ಬೆರಳು ಇಟ್ಟು ತೋರಿಸಿದೆ. ಪರದೆಯ ಮೇಲೆ ಒದ್ದೆ ಗುರುತು ಬಿತ್ತು. "ಇವ್ರು?"

"ಇವರು ಕೆಲಸದವರು. ಜಾಕೆಟ್ ಇದೆ ನೋಡಿ. ನಮ್ಮ ಆಫೀಸಲ್ಲಿ ಜಾಕೆಟ್ ಹಾಕಿದವರನ್ನ ಪಾದಚಾರಿ ಅಂತ ತಗೊಳ್ಳಲ್ಲ. ಕೆಲಸ ಮುಗಿದ ಮೇಲೆ ಹೊರಟುಹೋಗ್ತಾರಲ್ಲ, ಅದಕ್ಕೆ."

"ನಾವು ಹೋಗೋದಿಲ್ರಿ. ಇಲ್ಲೇ ಇರ್ತೀವಿ."

"ಹೌದಾ?" ಅವಳ ಮುಖ ಸ್ವಲ್ಪ ಸಣ್ಣದಾಯಿತು.

"ನೀರು ಈ ಬಾಜು ಅದರಿ. ದಿನಾ ದಾಟ್ತೀವಿ. ನಮ್ಮಕ್ಕಗ ಇಲ್ಲೇ ಲಾರಿ ಹೊಡೀತು. ನೀವು ಬರ್ಕೋರಿ."

ಅಷ್ಟು ಮಾತನ್ನು ನಾನು ಅಪರಿಚಿತರ ಹತ್ತಿರ ಯಾವತ್ತೂ ಆಡಿದ್ದಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಒದ್ದೆ ಗುರುತು ಒರೆಸಲಿಲ್ಲ.

"ನಾನು ನೋಡಿದ್ದು, ಕೇಳಿದ್ದು ಬರೆಯೋ ಹಾಗಿಲ್ಲ. ಕ್ಯಾಮೆರಾ ನೋಡಿದ್ದು ಮಾತ್ರ. ಇಲ್ಲಾಂದ್ರೆ ಎಲ್ಲರೂ ಒಂದೊಂದು ಹೇಳ್ತಾರಲ್ವಾ." ಲ್ಯಾಪ್‌ಟಾಪ್ ಕಂಕುಳಿಗೆ ಸೇರಿಸಿದಳು. "ಸಾರಿ ಕಣಮ್ಮಾ," ಅಂದು ಹೋದಳು. ಕಾರು ಮತ್ತೆ ಮುರಬಾಡಿನ ಕಡೆ ಹೊರಟಿತು.

ನಾನು ತಪ್ಪಲೆ ತೊಳೆದೆ. ಎಲ್ಲ ಲೋಟ ತೊಳೆದೆ. ಮುಗಿಸಿ ರಸ್ತೆಯಂಚಿಗೆ ಬಂದು ನಿಂತೆ. ಲಾರಿಗಳು ಹೋಗುತ್ತಿದ್ದವು. ದಾಟಲು ಸಂದು ಸಿಗುವವರೆಗೆ ನಿಲ್ಲಬೇಕು. ನಿಂತಲ್ಲಿ ಎಲ್ಲ ತಿಳಿಯಿತು. ಇಷ್ಟು ದಿನ ಕೇಳಿದರೂ ಬಾರದ ಜಾಕೆಟ್ ಇವತ್ತು ಯಾಕೆ ಬಂತು. ಕೆಲಸ ಇಲ್ಲದ ರಸ್ತೆಯಲ್ಲಿ ನಮ್ಮ ಕೈಗೆ ಸಲಿಕೆ ಯಾಕೆ ಬಂತು. ನಾವು ಇಲ್ಲಿ ಇಲ್ಲದಿದ್ದರೆ ರಸ್ತೆಯ ಗುತ್ತಿಗೆ ಹಿಡಿದ ಠೇಕೇದಾರನಿಗೆ ಫುಟ್‌ಪಾತ್ ಕಟ್ಟುವ ಗೊಡವೆ ಇಲ್ಲ. ನಮ್ಮನ್ನು ಓಡಿಸಿದ್ದರೆ ಜಗಳ ಆಗುತ್ತಿತ್ತು. ಅದಕ್ಕೇ ಹೊಳೆಯುವ ಪಟ್ಟಿ ಹಾಕಿ ಮಾಯ ಮಾಡಿದರು. ನಾವು ನಕ್ಕು ಹಾಕಿಕೊಂಡೆವು.

ಬಸ್ತಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಸುತ್ತಿಗೆ ಕೆಳಗಿಟ್ಟು ಕೇಳಿದಳು.

"ಅಂದ್ರ, ಲಾರ್‍ಯಾಂವಗ ಕಾಣಬೇಕಂದ್ರ ಹಾಕ್ಕೋಬೇಕು. ಕ್ಯಾಮೆರಾದಾಂವಗ ಕಾಣಬೇಕಂದ್ರ ತೆಗೀಬೇಕು. ಹೌದಿಲ್ಲ?"

"ಹೌದು."

ಅಕ್ಕ ತನ್ನ ಎದೆಯ ಮೇಲಿನ ಪಟ್ಟಿಯನ್ನು ನೋಡಿದಳು.

ಬೋರಿಂಗಿನಲ್ಲಿ ನೀರು ಬಂತು ಅನ್ನುವಷ್ಟು ಬೇಗ ಸುದ್ದಿ ಬಸ್ತಿಯಲ್ಲಿ ಹರಡಿತು. ಹೆಂಗಸರು ಸೇರಿದರು. ಅರ್ಧ ಜನ ನನ್ನನ್ನೇ ಬೈದರು.

"ಎಷ್ಟು ಬೇಡಿದ ಮ್ಯಾಲ ಬಂದಾವ. ಈಗ ಕಳ್ಕೋಬೇಕೇನು?"

"ಆಕಿ ಮೈಸೂರಾಕಿ ಸುಳ್ಳ ಹೇಳಿರ್ತಾಳ."

"ವನಮಾಲಾ ಇವತ್ತ ಬಾಯಿ ಬಿಟ್ಟಾಳ ನೋಡ್ರಿ. ಬಿಟ್ಟದ್ದು ಮನಿ ಕೆಡಸ್ಲಾಕ."

ವನಮಾಲಾ ಅಂದರೆ ನಾನು. ಸುರಪುರದ ಆಸ್ಪತ್ರೆಯ ನರ್ಸು ಇಟ್ಟ ಹೆಸರು. ಬಸ್ತಿಯಲ್ಲಿ ಈ ಹೆಸರನ್ನು ಯಾರೂ ಇಷ್ಟು ಜೋರಾಗಿ ಕರೆದದ್ದಿಲ್ಲ. ಅಲ್ಲಿಂದ ಓಡಿಹೋಗಬೇಕು ಅನಿಸಿತು. ಹೋಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಾಪಣ್ಣ ಬೈಕಿನ ಮೇಲೆ ಬಂದ. "ಮುರಬಾಡ ಬಿಟ್ಟದಂತ. ನಡ್ರಿ, ನಡ್ರಿ. ಸಲಿಕಿ ತಗೋರಿ."

ನಾನು ಜಾಕೆಟ್ ತೆಗೆದೆ. ಎದೆಯ ಮುಂದಿನ ಅಂಟುಪಟ್ಟಿ ಪರ್ರೆಂದು ಸದ್ದು ಮಾಡಿತು. ಎಲ್ಲರೂ ತಿರುಗಿ ನೋಡಿದರು. ಮಡಚಿ ಮಾಪಣ್ಣನ ಬೈಕಿನ ಸೀಟಿನ ಮೇಲೆ ಇಟ್ಟೆ. ಕೊಡ ಎತ್ತಿಕೊಂಡೆ.

"ಏನಿದು?" ಅಂದ ಮಾಪಣ್ಣ.

"ನೀರಿಗಿ ಹೊಂಟೀನಿ ಮಾವಾ."

"ಜಾಕೆಟ್ ಹಾಕ್ಕೊಂಡು ಹೋಗು."

"ಒಲ್ಲೆ."

"ಯಾಕ?"

"ನಾ ಕೆಲಸಕ್ಕ ಹೊಂಟಿಲ್ಲ. ನೀರಿಗಿ ಹೊಂಟೀನಿ."

ಅವನು ಬೈಕಿನಿಂದ ಇಳಿದು ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ದನಿ ತಗ್ಗಿಸಿದ. "ನೋಡು ತಂಗಿ. ಠೇಕೇದಾರ ನನಗ ಹೇಳ್ಯಾನ. ಒಬ್ರು ಕಂಡ್ರೂ ನನ್ನ ಮುಕಾದಮಕಿ ಹೋಗ್ತದ. ನನ್ನ ಹೊಟ್ಟಿ ಮ್ಯಾಲ ಕಾಲಿಡಬ್ಯಾಡ. ನಿಮ್ಮಕ್ಕಗ ಕುಂತಲ್ಲೇ ಕೆಲಸ ಕೊಟ್ಟಾಂವ ಯಾರು? ನಾ ಇಲ್ಲೇನು? ನಾಳಿಗಿ ನಿನಗೂ ಆಕಿಗೂ ಇಲ್ಲಿ ಕಲ್ಲಿಲ್ಲ, ತಿಳೀತಿಲ್ಲ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನ ಕಣ್ಣಿನಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ನನಗೆ ಬಹಳ ದಣಿವಾಗಿತ್ತು. ಅಂಜುವುದಕ್ಕೂ ಶಕ್ತಿ ಬೇಕು. ಅದು ಉಳಿದಿರಲಿಲ್ಲ.

ನಡೆದೆ.

ಹಿಂದೆ ಇನ್ನೊಂದು ಪರ್ರೆಂಬ ಸದ್ದು ಕೇಳಿತು. ತಿರುಗಿದೆ. ಅಕ್ಕ ಗುಡಿಸಲಿನ ಬಾಗಿಲಿನಲ್ಲಿ ಕೋಲು ಊರಿ ನಿಂತಿದ್ದಳು. ಅವಳ ಜಾಕೆಟ್ ಖಡಿಯ ಗುಡ್ಡೆಯ ಮೇಲೆ ಬಿದ್ದಿತ್ತು. ಲಾರಿ ಹೊಡೆದ ಮೇಲೆ ಅವಳು ರಸ್ತೆಯ ಅಂಚಿಗೆ ಬಂದಿದ್ದೇ ಇಲ್ಲ. ಈಗ ಬಂದಳು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ.

ಚಂದ್ರಬಾಯಿಯೂ ಬಿಚ್ಚಿದಳು. "ಏನ್ ಶಕಿ ಅದಪಾ ಇದು. ಸಾಯೋ ಮುದುಕಿಗಿ," ಅಂದು ಸೆರಗು ಸರಿ ಮಾಡಿಕೊಂಡು ಖಾಲಿ ಕೊಡ ಎತ್ತಿಕೊಂಡಳು.

ಉಳಿದವರು ಬಿಚ್ಚಲಿಲ್ಲ. ಸಲಿಕೆ ಹಿಡಿದು ನಿಂತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರವರ ಒಲೆ ಅವರವರಿಗೆ.

ಮೂವರೂ ಅಂಚಿಗೆ ನಿಂತೆವು. ಸಂದು ಸಿಕ್ಕಿತು. ಅಕ್ಕನ ತೋಳು ಹಿಡಿದೆ. ಅವಳ ಮೈ ಕಲ್ಲಿನ ಹಾಗೆ ಬಿಗಿಯಾಗಿತ್ತು. ಅರ್ಧ ದಾಟಿದಾಗ ದೂರದಲ್ಲಿ ರೇತಿ ಲಾರಿ ಕಂಡಿತು. ಅದರ ಹಿಂದೆ ಬಿಳಿ ಕಾರು. ಲಾರಿ ಹಾರ್ನ್ ಒತ್ತುತ್ತಲೇ ಬಂತು. ಅಕ್ಕ ನಿಂತುಬಿಟ್ಟಳು. ಕಾಲು ಏಳಲಿಲ್ಲ.

"ನಡಿಯಕ್ಕಾ."

"ಬರ್ಲಕತ್ತದ."

"ಬರ್ಲಿ. ನಡಿ."

ಚಂದ್ರಬಾಯಿ ನಡುರಸ್ತೆಯಲ್ಲಿ ನಿಂತು ಖಾಲಿ ಕೊಡ ಎತ್ತಿ ಲಾರಿಗೆ ತೋರಿಸಿದಳು. ಬೆದರಿಸುವವಳ ಹಾಗೆ. ಬ್ರೇಕು ಕಿರುಚಿತು. ಲಾರಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ನಮ್ಮ ತಾಯಂದಿರನ್ನೆಲ್ಲ ಬೈದ. ಅವನ ಹಿಂದೆ ಬಿಳಿ ಕಾರೂ ನಿಂತಿತು. ನಾವು ದಾಟಿದೆವು. ಒಂದು ಹೆಜ್ಜೆ, ಒಂದು ಎಳೆತ.

ಲಾರಿ ಹೋಯಿತು. ನಾವು ರಸ್ತೆಯಂಚಿನಲ್ಲಿ ಬೋರಿಂಗಿನ ಕಡೆ ನಡೆಯತೊಡಗಿದೆವು. ಕಾರು ನಿಧಾನ ಬಂತು. ಹರ್ಷಿತಾ ಮುಂದಿನ ಸೀಟಿನಲ್ಲಿದ್ದಳು. ನನ್ನನ್ನು ನೋಡಿದಳು. ಕೈ ಬೀಸಲಿಲ್ಲ. ನಾನೂ ಬೀಸಲಿಲ್ಲ. ನಾನು ಅವಳನ್ನು ನೋಡಲೂ ಇಲ್ಲ ಅನ್ನಬೇಕು. ಅವಳ ನೆತ್ತಿಯ ಮೇಲಿದ್ದ ಕ್ಯಾಮೆರಾವನ್ನು ನೋಡಿದೆ. ಬಗ್ಗಿದ ಬೆನ್ನು ನೆಟ್ಟಗೆ ಮಾಡಿಕೊಂಡೆ. ಯಾರ ಕಣ್ಣಿಗೂ ಕಣ್ಣು ಕೊಡದ ನಾನು ಆ ಗಾಜಿನ ಕಣ್ಣಿಗೆ ಕಣ್ಣು ಕೊಟ್ಟೆ. ಅದು ರೆಪ್ಪೆ ಬಡಿಯಲಿಲ್ಲ. ನಾನೂ ಬಡಿಯಲಿಲ್ಲ.

ಕಾರು ಕಲ್ಯಾಣದ ಕಡೆ ಹೋಯಿತು.

ಹೊತ್ತು ಮುಳುಗುವ ಮೊದಲೇ ಬೆಳಗಿನ ಟೆಂಪೋ ಬಂತು. ಡ್ರೈವರ್ ಗೋಣಿಚೀಲ ಬಿಚ್ಚಿ ನಿಂತ. ಜಾಕೆಟ್ ವಾಪಸ್ ಕೊಡಬೇಕಂತೆ. ಬೇರೆ ಸೈಟಿನವು, ಅಲ್ಲಿ ನಾಳೆ ಬೇಕಂತೆ. ಸಲಿಕೆ ಹಿಡಿದು ನಿಂತವರು ಒಬ್ಬೊಬ್ಬರಾಗಿ ಮಾಪಣ್ಣನನ್ನು ನೋಡಿದರು. ಮಾಪಣ್ಣ ಬೈಕಿನ ಕನ್ನಡಿ ಒರೆಸುತ್ತಿದ್ದ. ಒಂದು ಮಗು ಬಿಚ್ಚಲು ಒಲ್ಲೆ ಎಂದು ಅತ್ತಿತು. ಅದರ ತಾಯಿ ಬೆನ್ನಿಗೆ ಒಂದು ಹಾಕಿ ಬಿಚ್ಚಿಸಿದಳು. ನನ್ನ ಕಡೆ ಯಾರೂ ನೋಡಲಿಲ್ಲ. ಮನೆ ಕೆಡಿಸುತ್ತಾಳೆ ಅಂದವಳು ನನ್ನ ಗುಡಿಸಲಿನ ಮುಂದೆ ಹಾದುಹೋಗುವಾಗ ಹೆಜ್ಜೆ ನಿಧಾನ ಮಾಡಿದಳು.

ಮರುದಿನ ನಮಗೆ ಕಲ್ಲಿರಲಿಲ್ಲ. ಮಾಪಣ್ಣ ತನ್ನ ಮಾತು ನಡೆಸಿದ. ಅವನ ಮುಕಾದಮಕಿಯೂ ಹೆಚ್ಚು ದಿನ ಉಳಿಯಲಿಲ್ಲ. ನಾನು ಈಗ ಉಲ್ಹಾಸನಗರದ ಒಂದು ಕಾರಖಾನೆಯಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತೇನೆ. ನೀಲಿ ಬಣ್ಣ ಉಗುರಿನಿಂದ ಹೋಗುವುದಿಲ್ಲ. ಅಕ್ಕನಿಗೂ ಮೂಟೆ ಕಟ್ಟಿ ತಂದು ಕೊಡುತ್ತೇನೆ. ಗುಡಿಸಲು ಅಲ್ಲೇ ಇದೆ. ರಸ್ತೆಗೆ ಎಷ್ಟು ಸ್ಟಾರ್ ಬಂತು ಅಂತ ನಮಗೆ ಯಾರೂ ಹೇಳಲಿಲ್ಲ. ಫುಟ್‌ಪಾತ್ ಇನ್ನೂ ಬಂದಿಲ್ಲ.

ಆ ಮರುದಿನ ಬೆಳಿಗ್ಗೆ ನೀರಿಗೆ ಹೊರಟಾಗ ಅಂಚಿನಲ್ಲಿ ಎಲ್ಲ ಹೆಂಗಸರೂ ಇದ್ದರು. ಯಾರ ಮೈಮೇಲೂ ಜಾಕೆಟ್ ಇರಲಿಲ್ಲ. ಅಕ್ಕ ಕೋಲು ಊರಿಕೊಂಡು ಅಲ್ಲಿಯವರೆಗೆ ಬಂದಳು. ಅದು ಹೊಸದು.

"ನಿನ್ನಿ ನೀ ತೆಗದಿ, ಕೆಲಸ ಹೋಯ್ತು," ಅಂದಳು. "ಅವ್ರು ತೆಗೀಲಿಲ್ಲ, ಅವ್ರವೂ ಒಯ್ದ್ರು. ಏನ್ ಫರಕ್ ಆಯ್ತವ್ವಾ?"

ಮೂರು ಲಾರಿ ಹೋದವು.

"ನನ್ನದು ನಾ ತೆಗದೀನಿ," ಅಂದೆ.

ಇನ್ನೊಂದು ಲಾರಿ ಬರುತ್ತಿತ್ತು. ಚಂದ್ರಬಾಯಿ ಖಾಲಿ ಕೊಡ ಎತ್ತಿ ಹಿಡಿದು ರಸ್ತೆಗೆ ಇಳಿದಳು. ಅವಳ ಹಿಂದೆ, ನಿನ್ನೆ ಸಲಿಕೆ ಹಿಡಿದು ನಿಂತವರೆಲ್ಲ, ಒಬ್ಬೊಬ್ಬರಾಗಿ ಕೊಡ ಎತ್ತಿದರು.